ಕ್ಯಾಟ್ ಆಯ್ತು, ಇನ್ನೆಂತ ಇಂಟರ್ವ್ಯೂ?

ಎಂಬಿಎ ಪ್ರವೇಶ ಪರೀಕ್ಷೆಯಾದ ಕ್ಯಾಟ್‌ನ ಫಲಿತಾಂಶ ಬಂದ ಮೇಲೆ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮಂಜೇಶ್ವರ ಕಡೆಯ ಒಂದಿಷ್ಟು ಮನೆಗಳಲ್ಲಿ ಇದೇ ಪ್ರಶ್ನೆ ಕೇಳಿಬರುತ್ತದೆ. ಮಗಳಿಗೆ 97 ಪರ್ಸೆಂಟೈಲ್ ಬಂದಿದೆ. ಎಂಬಿಎ ಕಲಿಸುವ ಕೇಂದ್ರ ಸರಕಾರದ ಬಿಸಿನೆಸ್ ಸ್ಕೂಲ್ ಐಐಎಂನಿಂದ ಮೇಲ್ ಕೂಡ ಬಂದಿದೆ. ಆದರೆ ಅದರಲ್ಲಿ ಸೀಟು ಕೊಟ್ಟಿದ್ದೇವೆ ಅಂತ ಇಲ್ಲ, ಇಂಟರ್ವ್ಯೂಗೆ ಬನ್ನಿ ಅಂತ ಇದೆ. ಎಂಜಿನಿಯರಿಂಗ್, ಮೆಡಿಕಲ್ ಲೆಕ್ಕ ನಮ್ಮವರಿಗೆ ಗೊತ್ತು: ರ‍್ಯಾಂಕ್ ಬರುತ್ತದೆ, ಕಾಲೇಜುಗಳ ಪಟ್ಟಿ ತುಂಬುತ್ತೇವೆ, ಸೀಟು ಬರುತ್ತದೆ. ನಡುವೆ ಯಾರೂ ಕೂರಿಸಿ ಮಾತಾಡಿಸುವುದಿಲ್ಲ. ಬಿಸಿನೆಸ್ ಸ್ಕೂಲಿನಲ್ಲಿ ಮಾತಾಡಿಸುತ್ತಾರೆ. ಸೀಟು ಸಿಗುವುದೋ ತಪ್ಪುವುದೋ ಬಹಳ ಮಟ್ಟಿಗೆ ಆ ಮಾತಿನಲ್ಲೇ ತೀರ್ಮಾನವಾಗುತ್ತದೆ.

ಈ ಇಂಟರ್ವ್ಯೂ ಯಾಕೆ ಮಾಡುತ್ತಾರೆ, ಒಳಗೆ ಏನು ನಡೆಯುತ್ತದೆ, ತಯಾರಿ ಹೇಗೆ ಅಂತ ಮೊದಲಿನಿಂದ ನೋಡೋಣ. ಕಾಸರಗೋಡಿನ ಕನ್ನಡ ಮಕ್ಕಳಿಗೆ ಇದರಲ್ಲಿ ಕೆಲವು ಬೇರೆ ತೊಡಕುಗಳಿವೆ, ಅನುಕೂಲಗಳೂ ಇವೆ. ಅನುಕೂಲದ ವಿಷಯ ಯಾವ ಕೋಚಿಂಗ್ ಸೆಂಟರಿನವರೂ ಹೇಳುವುದಿಲ್ಲ. ಅದಕ್ಕೇ ಅದನ್ನು ಸ್ವಲ್ಪ ಜಾಸ್ತಿ ಬರೆದಿದ್ದೇನೆ.

ಕ್ಯಾಟ್, ಪರ್ಸೆಂಟೈಲ್, ಕಾಲ್

ಕ್ಯಾಟ್ ಅಂದರೆ ಐಐಎಂಗಳು ಸೇರಿ ಪ್ರತಿ ವರ್ಷ ನವೆಂಬರ್ ಕೊನೆಯಲ್ಲಿ ನಡೆಸುವ ಪ್ರವೇಶ ಪರೀಕ್ಷೆ. ಎರಡು ಗಂಟೆ, ಮೂರು ಭಾಗ: ಇಂಗ್ಲಿಷ್ ಓದು, ತರ್ಕ ಮತ್ತು ಅಂಕಿಅಂಶ, ಲೆಕ್ಕ. ಐಐಎಂ ಅಲ್ಲದ ಬೇರೆ ಹಲವು ಸಂಸ್ಥೆಗಳೂ ಇದೇ ಅಂಕ ನೋಡುತ್ತವೆ.

ಪರ್ಸೆಂಟೈಲ್ ಅಂದ್ರೆ ನೂರಕ್ಕೆ ಇಷ್ಟು ಅಂಕ ಅಂತ ಅಲ್ಲ. 97 ಪರ್ಸೆಂಟೈಲ್ ಅಂದರೆ ಪರೀಕ್ಷೆ ಬರೆದ ನೂರರಲ್ಲಿ 97 ಮಂದಿ ನಿಮಗಿಂತ ಹಿಂದೆ ಇದ್ದಾರೆ ಎಂದು. ಕೇಳಲು ದೊಡ್ಡದೇ. ಆದರೆ 2024ರ ಕ್ಯಾಟ್ ಬರೆದವರು ಸುಮಾರು 2.93 ಲಕ್ಷ ಮಂದಿ. ಅದರಲ್ಲಿ ಶೇಕಡಾ 3 ಅಂದರೆ ಸುಮಾರು 8,800 ಮಂದಿ. ಅಷ್ಟು ಜನ ನಿಮ್ಮ ಮುಂದೆ ಇದ್ದಾರೆ, ಸರಿಸುಮಾರು ನಿಮ್ಮಷ್ಟೇ ಅಂಕ ಪಡೆದವರು ಅಕ್ಕಪಕ್ಕದಲ್ಲಿ ಇನ್ನೂ ಸಾವಿರಾರು. ಇವರಲ್ಲಿ ಯಾರನ್ನು ಆರಿಸುವುದು ಅಂತ ಪರೀಕ್ಷೆಯೊಂದರಿಂದಲೇ ಹೇಳಲಿಕ್ಕಾಗುವುದಿಲ್ಲ.

ಹಾಗಾಗಿ ಸಂಸ್ಥೆಗಳು ಮೊದಲು ಒಂದು ಪಟ್ಟಿ ಮಾಡುತ್ತವೆ. ಕ್ಯಾಟ್ ಅಂಕದ ಜೊತೆ ಎಸ್ಸೆಸ್ಸೆಲ್ಸಿ, ಪ್ಲಸ್ ಟು, ಡಿಗ್ರಿ ಅಂಕ, ಕೆಲಸದ ಅನುಭವ ಇವನ್ನೆಲ್ಲ ಸೇರಿಸಿ ನೋಡುತ್ತಾರೆ. ಎಂಜಿನಿಯರಿಂಗ್ ಅಲ್ಲದ ಡಿಗ್ರಿಯವರಿಗೆ, ಹುಡುಗಿಯರಿಗೆ ಕೆಲವು ಕಡೆ ಒಂದಿಷ್ಟು ಹೆಚ್ಚುವರಿ ಅಂಕ ಇರುತ್ತದೆ. ಈ ಪಟ್ಟಿಯಲ್ಲಿ ಹೆಸರು ಬಂದರೆ ಅದಕ್ಕೆ ‘ಕಾಲ್ ಬಂತು’ ಅನ್ನುತ್ತಾರೆ. ಹೊಸ ಐಐಎಂಗಳಲ್ಲಿ ಹಲವು ಸೇರಿ ಒಂದೇ ಇಂಟರ್ವ್ಯೂ ನಡೆಸುತ್ತವೆ, ಅದಕ್ಕೆ ಕ್ಯಾಪ್ ಅಂತ ಹೆಸರು. ಅಹಮದಾಬಾದ್, ಬೆಂಗಳೂರು, ಕೋಲ್ಕತ್ತಾದಂಥ ಹಳೆಯವು ತಮ್ಮದೇ ಬೇರೆ ನಡೆಸುತ್ತವೆ. ನಮಗೆ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರ ಇರುವ ಕೋಯಿಕ್ಕೋಡಿನ ಐಐಎಂ 1996ರದ್ದು, ಅದೂ ತನ್ನದನ್ನು ತಾನೇ ನಡೆಸುತ್ತದೆ.

ಮಾತಾಡಿಸಿ ನೋಡುವುದು ಯಾಕೆ?

ಬಿಸಿನೆಸ್ ಸ್ಕೂಲಿನ ತರಗತಿ ನಮ್ಮ ಡಿಗ್ರಿ ಕಾಲೇಜಿನ ಹಾಗೆ ಇರುವುದಿಲ್ಲ. ಅಲ್ಲಿ ಕೇಸ್ ಅಂತ ಒಂದು ಪದ್ಧತಿ ಇದೆ. ಯಾವುದೋ ಕಂಪೆನಿಗೆ ನಿಜವಾಗಿ ಎದುರಾದ ಒಂದು ತೊಂದರೆಯನ್ನು ಹತ್ತಿಪ್ಪತ್ತು ಪುಟದಲ್ಲಿ ಬರೆದು ಕೊಡುತ್ತಾರೆ. ವಿದ್ಯಾರ್ಥಿಗಳು ಹಿಂದಿನ ರಾತ್ರಿ ಅದನ್ನು ಓದಿಕೊಂಡು ಬಂದು, ನೀನಾದರೆ ಏನು ಮಾಡುತ್ತಿದ್ದೆ ಅನ್ನುವ ಪ್ರಶ್ನೆಗೆ ತರಗತಿಯಲ್ಲಿ ವಾದ ಮಾಡಬೇಕು. ಮೇಷ್ಟ್ರು ಉತ್ತರ ಹೇಳಿಕೊಡುವುದು ಕಮ್ಮಿ. ಅರುವತ್ತು ಎಪ್ಪತ್ತು ಜನ ಕೂತ ಆ ತರಗತಿಯಲ್ಲಿ ಬಾಯಿ ಬಿಡದವರು ಬರೀ ಕೂತಿರುತ್ತಾರೆ, ಬೇರೆಯವರ ಮಾತು ಕೇಳಿಸಿಕೊಳ್ಳದೆ ತಾನೇ ಮಾತಾಡುವವರಿಂದಲೂ ಉಪಯೋಗವಿಲ್ಲ.

ಆದ್ದರಿಂದ ಇಂಟರ್ವ್ಯೂನಲ್ಲಿ ನೋಡುವುದು ಮುಖ್ಯವಾಗಿ ಮೂರು ಸಂಗತಿ. ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತಾರಾ ಅಥವಾ ಕಲಿತು ಬಂದ ಉತ್ತರಕ್ಕೆ ಪ್ರಶ್ನೆಯನ್ನೇ ತಿರುಗಿಸುತ್ತಾರಾ? ಹೇಳಿದ್ದಕ್ಕೆ ಕಾರಣ ಕೊಡಲಿಕ್ಕೆ ಗೊತ್ತಾ? ತಪ್ಪು ತೋರಿಸಿದರೆ ಒಪ್ಪುತ್ತಾರಾ, ಸಿಟ್ಟಾಗುತ್ತಾರಾ, ಕುಗ್ಗುತ್ತಾರಾ?

ಎದುರು ಇಬ್ಬರು ಮೂವರು ಕೂತಿರುತ್ತಾರೆ, ಇವರಿಗೆ ಪ್ಯಾನೆಲ್ ಅನ್ನುತ್ತಾರೆ. ಸಾಮಾನ್ಯವಾಗಿ ಪ್ರೊಫೆಸರುಗಳು, ಕೆಲವೊಮ್ಮೆ ಅದೇ ಸಂಸ್ಥೆಯಲ್ಲಿ ಕಲಿತು ಈಗ ಕಂಪೆನಿಯಲ್ಲಿರುವವರು. ಸಮಯ 15ರಿಂದ 25 ನಿಮಿಷ. ಕೆಲವರದು ಹತ್ತೇ ನಿಮಿಷಕ್ಕೆ ಮುಗಿಯುತ್ತದೆ, ಅದರಿಂದ ಒಳ್ಳೆಯದೋ ಕೆಟ್ಟದೋ ಅಂತ ಲೆಕ್ಕ ಹಾಕಬೇಡಿ.

ಬಾಯಿಪಾಠ ಯಾಕೆ ನಡೆಯುವುದಿಲ್ಲ

ನಮ್ಮೂರಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ, ಯಾಕಂದ್ರೆ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ ಕೇಳಿದ ನೆಲ ಇದು. ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಅದರಲ್ಲಿ ಕಥೆ ಎಲ್ಲರಿಗೂ ಗೊತ್ತು. ಭಾಗವತರ ಪದ್ಯವೂ ಗೊತ್ತು. ಆದರೆ ಮಾತು ಬರೆದಿಟ್ಟದ್ದಲ್ಲ, ಅಲ್ಲೇ ಹುಟ್ಟಬೇಕು. ವಾಲಿ ಒಂದು ಮಾತು ಬಿಟ್ಟರೆ ರಾಮನ ಪಾತ್ರದವರು ಅದೇ ಮಾತನ್ನು ಹಿಡಿದು ತಿರುಗಿ ಕೇಳುತ್ತಾರೆ. ಕಂಠಪಾಠ ಮಾಡಿ ಬಂದ ಅರ್ಥಧಾರಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾನೆ. ಪ್ರಸಂಗ ಚೆನ್ನಾಗಿ ಗೊತ್ತಿದ್ದವನು ಎದುರಿನವರ ಮಾತು ಕೇಳಿಕೊಂಡು ಮುಂದೆ ಹೋಗುತ್ತಾನೆ.

ಇಂಟರ್ವ್ಯೂನಲ್ಲಿ ನಿಮ್ಮ ಪ್ರಸಂಗ ಅಂದರೆ ನೀವು ತುಂಬಿ ಕಳಿಸಿದ ಫಾರ್ಮು. ಅದರಲ್ಲಿರುವ ಪ್ರತಿಯೊಂದು ಸಾಲಿನಿಂದಲೂ ಪ್ರಶ್ನೆ ಬರಬಹುದು. ಹವ್ಯಾಸ ಅನ್ನುವಲ್ಲಿ ಸುಮ್ನೆ ‘ಓದುವುದು’ ಅಂತ ಬರೆದಿದ್ದರೆ, ಕೊನೆಗೆ ಓದಿದ್ದು ಯಾವುದು, ಅದರಲ್ಲಿ ಒಪ್ಪದ ವಿಷಯ ಯಾವುದು ಅಂತ ಕೇಳುತ್ತಾರೆ. ನೀವೇ ಬಿಟ್ಟ ಮಾತು ಅದು.

‘ನಿಮ್ಮ ಬಗ್ಗೆ ಹೇಳಿ’ ಅಂದಾಗ

ಹೆಚ್ಚಿನ ಕಡೆ ಮೊದಲ ಪ್ರಶ್ನೆ ಇದೇ. ಹೆಸರು, ಶಾಲೆ, ಕಾಲೇಜು, ಅಪ್ಪ ಅಮ್ಮನ ಕೆಲಸ ಅಂತ ಫಾರ್ಮಿನಲ್ಲಿ ಇರುವುದನ್ನೇ ಓದಿ ಹೇಳಿದರೆ ಪ್ಯಾನೆಲ್‌ಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಆಗ ಅವರು ತಮಗೆ ಬೇಕಾದ ಕಡೆಗೆ ಹೋಗುತ್ತಾರೆ. ಅದರ ಬದಲು ಒಂದು ಒಂದೂವರೆ ನಿಮಿಷದಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ಎರಡು ಮೂರು ಸಂಗತಿ ಹೇಳಿದರೆ ಮುಂದಿನ ಪ್ರಶ್ನೆ ಅಲ್ಲಿಂದಲೇ ಬರುವ ಸಾಧ್ಯತೆ ಜಾಸ್ತಿ.

ಎರಡನೆಯದು, ಎಂಬಿಎ ಯಾಕೆ? ‘ಮ್ಯಾನೇಜ್‌ಮೆಂಟ್ ಕೌಶಲ ಬೆಳೆಸಿಕೊಳ್ಳಲು’ ಅನ್ನುವ ಉತ್ತರವನ್ನು ಅವರು ಆ ದಿನ ಬೆಳಗ್ಗಿನಿಂದ ಹತ್ತು ಸಲ ಕೇಳಿರುತ್ತಾರೆ. ಸಂಬಳಕ್ಕಾಗಿ ಅನ್ನುವುದು ನಿಜವೇ, ಆದರೆ ಅದು ಎಲ್ಲರಿಗೂ ನಿಜ. ನಿಮಗೆ ಮಾತ್ರ ಹೊಂದುವ ಕಾರಣ ಬೇಕು. ಎರಡು ವರ್ಷ ಐಟಿಯಲ್ಲಿ ಕೆಲಸ ಮಾಡಿದವರು, ಕೋಡ್ ಬರೆಯುವುದು ನಾನು, ಏನು ಮಾಡಬೇಕು ಅಂತ ತೀರ್ಮಾನಿಸುವುದು ಬೇರೆಯವರು, ಆ ಕಡೆಗೆ ಹೋಗಬೇಕಾದರೆ ಮಾರುಕಟ್ಟೆ, ಹಣಕಾಸು ಗೊತ್ತಿರಬೇಕು ಅಂದರೆ ಅದರಲ್ಲಿ ಒಂದು ಅರ್ಥ ಇದೆ. ಅದಕ್ಕೊಂದು ಉದಾಹರಣೆ ಕೇಳುತ್ತಾರೆ, ಇಟ್ಟುಕೊಂಡಿರಿ.

ಮೂರನೆಯದು ಓದಿದ ವಿಷಯ. ಇಲ್ಲೇ ಜಾಸ್ತಿ ಜನ ಎಡವುವುದು. ಕ್ಯಾಟ್ ತಯಾರಿಯ ಗಡಿಬಿಡಿಯಲ್ಲಿ ಡಿಗ್ರಿ ಪುಸ್ತಕ ಅಟ್ಟಕ್ಕೆ ಹೋಗಿರುತ್ತದೆ. ಬಿಕಾಂ ಓದಿದವರಿಗೆ ಲಾಭ ಇದ್ದೂ ಕಂಪೆನಿಯ ಕೈಯಲ್ಲಿ ಹಣ ಇಲ್ಲದಿರುವುದು ಹೇಗೆ ಸಾಧ್ಯ ಅಂತ ಕೇಳಬಹುದು. 2017ರ ಜುಲೈ 1ಕ್ಕೆ ಬಂದ ಜಿಎಸ್‌ಟಿಗೂ ಹಿಂದಿನ ವ್ಯಾಟ್‌ಗೂ ಏನು ವ್ಯತ್ಯಾಸ ಅಂತ ಕೇಳಬಹುದು. ಬಿಎಸ್ಸಿಯವರಿಗೆ, ಎಂಜಿನಿಯರಿಂಗ್‌ನವರಿಗೆ ಅವರವರ ವಿಷಯದ ಬುಡದ ಪ್ರಶ್ನೆ. ಎಲ್ಲ ವಿಷಯ ಮತ್ತೆ ಓದಲಿಕ್ಕಾಗುವುದಿಲ್ಲ. ಇಷ್ಟದ ಎರಡು ವಿಷಯ ಆರಿಸಿಕೊಂಡು, ಅದನ್ನು ಹತ್ತನೇ ಕ್ಲಾಸಿನ ತಮ್ಮನಿಗೆ ಅರ್ಥವಾಗುವ ಹಾಗೆ ಹೇಳಲು ಬರುವಷ್ಟು ಓದಿ. ಪ್ಯಾನೆಲ್‌ನವರು ನಿಮ್ಮ ವಿಷಯದವರೇ ಆಗಿರಬೇಕೆಂದಿಲ್ಲ, ಅವರಿಗೂ ಅರ್ಥವಾಗಬೇಕಲ್ವಾ.

ಕೇರಳದವರು, ಕನ್ನಡ ಹೇಗೆ?

ಫಾರ್ಮಿನಲ್ಲಿ ರಾಜ್ಯ ಕೇರಳ, ಮಾತೃಭಾಷೆ ಕನ್ನಡ ಅಥವಾ ತುಳು ಅಂತ ಇದ್ದರೆ ಈ ಪ್ರಶ್ನೆ ಬರುವ ಸಾಧ್ಯತೆ ಇದ್ದೇ ಇದೆ. ನಮ್ಮ ಮಕ್ಕಳಲ್ಲಿ ಹಲವರಿಗೆ ಇದಕ್ಕೆ ಸರಿಯಾದ ಉತ್ತರ ಬರುವುದಿಲ್ಲ, ಮನೆಯಲ್ಲಿ ಹೇಳಿಕೊಟ್ಟಿರುವುದಿಲ್ಲ. ಸಂಗತಿ ಇಷ್ಟು: ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು, ರಾಜ್ಯಗಳ ಮರುವಿಂಗಡಣೆಯಲ್ಲಿ 1956ರ ನವೆಂಬರ್ 1ರಂದು ಕೇರಳಕ್ಕೆ ಹೋಯಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟು, ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಎಂದಿತು. ಅದು ಜಾರಿಯಾಗಲಿಲ್ಲ. 1984ರಲ್ಲಿ ಕಾಸರಗೋಡು ಬೇರೆ ಜಿಲ್ಲೆಯಾಯಿತು. ಇಷ್ಟನ್ನು ಅರ್ಧ ನಿಮಿಷದಲ್ಲಿ ಹೇಳಿದರೆ ಸಾಕು. ಯಾರಿಗೆ ಸೇರಬೇಕಿತ್ತು ಅಂತ ಅಭಿಪ್ರಾಯ ಕೇಳಿದರೆ ಹೇಳಬಹುದು, ಕಾರಣ ಸಹಿತ. ಆದರೆ ಅದನ್ನು ಚಳವಳಿಯ ಭಾಷಣ ಮಾಡಬೇಡಿ, ಎದುರು ಕೂತವರು ಮಲಯಾಳಿಗಳೂ ಇರಬಹುದು, ಅವರು ನೋಡುವುದು ನೀವು ಜಗಳದ ವಿಷಯವನ್ನು ಎಷ್ಟು ಸಮಾಧಾನದಲ್ಲಿ ಹೇಳುತ್ತೀರಿ ಅಂತ.

ಊರಿನ ಪ್ರಶ್ನೆ ಅಲ್ಲಿಗೇ ನಿಲ್ಲುವುದಿಲ್ಲ. ನಾನು ಆಗ ಅನುಕೂಲ ಅಂದದ್ದು ಇದನ್ನೇ. ಅಪ್ಪ ಕೃಷಿಕರು ಅಂತ ಬರೆದಿದ್ದೀರಿ, ಅಡಿಕೆ ತೋಟ ಇದೆ. ಇದು ಹೇಳಿಕೊಳ್ಳುವಂಥ ವಿಷಯ ಅಲ್ಲ ಅಂತ ಮಕ್ಕಳಿಗೆ ಒಂದು ಸಂಕೋಚ. ನಿಜ ಹೇಳಬೇಕೆಂದರೆ ಮ್ಯಾನೇಜ್‌ಮೆಂಟ್ ಪುಸ್ತಕದ ಅರ್ಧ ಪಾಠ ಆ ಅಂಗಳದಲ್ಲಿ ಒಣಗುತ್ತಾ ಬಿದ್ದಿರುತ್ತದೆ. ಸಿಪ್ಪೆಸಹಿತ ಅಡಿಕೆ ಒಣಗಿ ಚಾಲಿಯಾಗಲು ಸುಮಾರು 40 ದಿನ ಬಿಸಿಲು ಬೇಕು. ಹಳೆ ಅಡಿಕೆಗೆ ಸಾಮಾನ್ಯವಾಗಿ ಹೊಸ ಅಡಿಕೆಗಿಂತ ರೇಟು ಜಾಸ್ತಿ. ಹಾಗಾದರೆ ಎಲ್ಲರೂ ಇಟ್ಟು ಮಾರಬಾರದೇಕೆ? ಇಡಬೇಕಾದರೆ ಜಾಗ ಬೇಕು, ಹುಳ ಹಿಡಿಯದಂತೆ ನೋಡಿಕೊಳ್ಳಬೇಕು, ಅಲ್ಲಿಯವರೆಗೆ ಮನೆ ಖರ್ಚಿಗೆ ಬೇರೆ ದುಡ್ಡು ಬೇಕು, ಮತ್ತು ರೇಟು ಬಿದ್ದರೆ ಅನ್ನುವ ಭಯ ಇದ್ದೇ ಇದೆ. ಕಂಪೆನಿಗಳಲ್ಲಿ ದಾಸ್ತಾನಿನ ಖರ್ಚು ಅಂತ ಹೇಳುವುದು ಇದನ್ನೇ.

ಇನ್ನು ಕ್ಯಾಂಪ್ಕೋ. ಅಡಿಕೆ ಧಾರಣೆ ಕುಸಿದಾಗ ಬೆಳೆಗಾರರನ್ನು ಉಳಿಸಲು 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ, ಕರ್ನಾಟಕ ಕೇರಳ ಎರಡಕ್ಕೂ ಸೇರಿದ್ದು. ತೋಟದ ನಡುವೆ ಬೆಳೆದ ಕೊಕ್ಕೋ ಬೀಜಕ್ಕಾಗಿ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೂ ಶುರುಮಾಡಿತು. ಮನೆಗೆ ಇದರ ಸದಸ್ಯತ್ವ ಇದ್ದರೆ, ಸಹಕಾರಿ ಸಂಘಕ್ಕೂ ಖಾಸಗಿ ಕಂಪೆನಿಗೂ ಲಾಭ ಹಂಚುವುದರಲ್ಲಿ ಏನು ವ್ಯತ್ಯಾಸ ಅಂತ ಅಪ್ಪನ ಹತ್ತಿರ ಕೂತು ಒಂದು ಸಂಜೆ ಕೇಳಿಕೊಳ್ಳಿ. ಹೊರದೇಶದ ಅಡಿಕೆ ಅಗ್ಗಕ್ಕೆ ಬರದಂತೆ ಕೇಂದ್ರ ಸರಕಾರ 2023ರಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಇದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ? ಅರ್ಥಶಾಸ್ತ್ರದ ಪ್ರೊಫೆಸರು ಇದ್ದರೆ ಈ ಪ್ರಶ್ನೆ ಬಿಡುವುದಿಲ್ಲ.

ಅಹಿತಕರ ಪ್ರಶ್ನೆಯೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ‘ನಿಮ್ಮ ಮನೆ ನಡೆಯುವುದೇ ಇದರಿಂದ, ಏನು ಹೇಳುತ್ತೀರಿ?’ ಅಂತ ಕೇಳಿದರೆ ಸಿಟ್ಟು ಬರುವುದು ಸಹಜ. ಆದರೆ ಪಟ್ಟಿಯಲ್ಲಿ ಇರುವುದು ನಿಜ ಅಂತ ಮೊದಲು ಒಪ್ಪಿ, ಆಮೇಲೆ ಇದನ್ನೇ ನಂಬಿದ ಸಣ್ಣ ಹಿಡುವಳಿದಾರರ ಸ್ಥಿತಿ, ಒಂದೇ ವರ್ಷದಲ್ಲಿ ಬೆಳೆ ಬದಲಿಸಲು ಯಾಕೆ ಆಗುವುದಿಲ್ಲ ಅನ್ನುವುದು, ಕೊಕ್ಕೋ, ಕಾಳುಮೆಣಸಿನಂಥ ಉಪಬೆಳೆಯ ಅನುಭವ, ಇಷ್ಟನ್ನು ಹೇಳಿದರೆ ಅದು ನಾಲ್ಕು ಪುಸ್ತಕ ಓದಿದವರಿಗೂ ಬರದ ಉತ್ತರ. ಎಂಡೋಸಲ್ಫಾನ್ ಕೀಟನಾಶಕದ ಪ್ರಶ್ನೆಯೂ ಹೀಗೆಯೇ. ಸರಕಾರಿ ಸ್ವಾಮ್ಯದ ತೋಟಗಾರಿಕಾ ನಿಗಮದ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ವರ್ಷಾನುಗಟ್ಟಲೆ ಸಿಂಪಡಿಸಿದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿದ್ದು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂದದ್ದು. ಕಂಪೆನಿಯ ಜವಾಬ್ದಾರಿ ಎಲ್ಲಿಯವರೆಗೆ ಅನ್ನುವ ಚರ್ಚೆಗೆ ಅದರ ಪೆಟ್ಟು ತಿಂದ ಎಣ್ಮಕಜೆಯ ಹುಡುಗನಷ್ಟು ಹತ್ತಿರದಿಂದ ಮಾತಾಡಬಲ್ಲವರು ಎಷ್ಟು ಜನ?

ಕನ್ನಡ ಮೀಡಿಯಂ, ಇಂಗ್ಲಿಷ್ ಭಯ

ಇಂಟರ್ವ್ಯೂ ಇಂಗ್ಲಿಷಿನಲ್ಲೇ. ಅದರಲ್ಲಿ ವಿನಾಯಿತಿ ಇಲ್ಲ. ಆದರೆ ಉಚ್ಚಾರಕ್ಕೆ ಅಂಕ ಇಲ್ಲ. ಹೇಳಿದ್ದು ಅರ್ಥವಾಗಬೇಕು, ವಾಕ್ಯ ಮುಗಿಯಬೇಕು, ಅಷ್ಟೇ. ಕನ್ನಡ ಮೀಡಿಯಂನವರು ಮಾಡುವ ತಪ್ಪು ಅಂದರೆ ದೊಡ್ಡ ಇಂಗ್ಲಿಷ್ ಪದ ಹುಡುಕುವುದು, ಅದು ಸಿಗದೆ ನಡುವೆ ನಿಂತುಬಿಡುವುದು. ಸಣ್ಣ ವಾಕ್ಯ ಸಾಕು.

ಅಭ್ಯಾಸ ಮಾತ್ರ ಬಾಯಲ್ಲೇ ಮಾಡಬೇಕು, ಬರೆದು ಓದಿದರೆ ಪ್ರಯೋಜನವಿಲ್ಲ. ಒಂದು ಪ್ರಶ್ನೆಗೆ ಮೊದಲು ಕನ್ನಡದಲ್ಲಿ ಜೋರಾಗಿ ಉತ್ತರ ಹೇಳಿ. ವಿಷಯ ಗೊತ್ತಿದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಎಷ್ಟೋ ಸಲ ಇಂಗ್ಲಿಷ್ ಬರುವುದಿಲ್ಲ ಅಂದುಕೊಂಡದ್ದು ನಿಜವಾಗಿ ವಿಷಯವೇ ಗೊತ್ತಿಲ್ಲದ್ದು. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕೇಳಿ. ತನ್ನದೇ ದನಿ ಕೇಳುವುದು ಮೊದಲು ಮುಜುಗರ, ನಾಲ್ಕನೇ ದಿನಕ್ಕೆ ಅಭ್ಯಾಸವಾಗುತ್ತದೆ. ಇಬ್ಬರು ಮೂವರು ಗೆಳೆಯರು ಸೇರಿ ಒಬ್ಬರನ್ನೊಬ್ಬರು ಪ್ರಶ್ನೆ ಕೇಳುವುದಕ್ಕೆ ದುಡ್ಡು ಕೊಡುವ ಅಗತ್ಯವಿಲ್ಲ. ಊರಿನ ಕಾಲೇಜಿನ ನಿವೃತ್ತ ಮೇಷ್ಟ್ರೊಬ್ಬರನ್ನು ಕೂರಿಸಿಕೊಂಡರೆ ಇನ್ನೂ ಒಳ್ಳೆಯದು, ಅವರು ಗೆಳೆಯರ ಹಾಗೆ ಪಾಪ ಅಂತ ಬಿಡುವುದಿಲ್ಲ.

ಪೇಪರ್ ಓದುವುದು, ಬರೆಯುವ ಪರೀಕ್ಷೆ

ಇಂಟರ್ವ್ಯೂಗಳು ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್ ಒಳಗೆ ನಡೆಯುತ್ತವೆ. ಫೆಬ್ರವರಿ 1ಕ್ಕೆ ಕೇಂದ್ರ ಬಜೆಟ್. ಆ ಸಮಯದಲ್ಲೇ ರಿಸರ್ವ್ ಬ್ಯಾಂಕಿನ ಬಡ್ಡಿ ತೀರ್ಮಾನವೂ ಬರುತ್ತದೆ. ಆದ್ದರಿಂದ ಇವೆರಡೂ ಗೊತ್ತಿರಲೇಬೇಕು. ರೆಪೋ ರೇಟು ಅಂದರೆ ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವಾಗ ಹಾಕುವ ಬಡ್ಡಿ. ಅದು ಈಗ ಎಷ್ಟು ಅಂತ ಹೇಳಿದ ಕೂಡಲೇ ಅದು ಏರಿದರೆ ನಿಮ್ಮ ಮನೆಯ ಸಾಲಕ್ಕೆ ಏನಾಗುತ್ತದೆ, ಬೆಲೆಯೇರಿಕೆ ತಗ್ಗುವುದು ಹೇಗೆ ಅನ್ನುವ ಪ್ರಶ್ನೆ ಬರುತ್ತದೆ. ಅಂಕಿಗಿಂತ ಅದರ ಹಿಂದಿನ ಕಾರಣ ಮುಖ್ಯ. ದಿನಕ್ಕೆ ಒಂದು ಸುದ್ದಿ ಹಿಡಿದು ಏನಾಯಿತು, ಯಾಕೆ, ಯಾರಿಗೆ ಒಳ್ಳೆಯದು, ಯಾರಿಗೆ ಕಷ್ಟ ಅಂತ ನಾಲ್ಕು ಸಾಲು ಬರೆದಿಟ್ಟರೆ ಎರಡು ತಿಂಗಳಲ್ಲಿ ಒಂದು ನೋಟ್‌ಬುಕ್ ತುಂಬುತ್ತದೆ.

ಅದೇ ನೋಟ್‌ಬುಕ್ ಬರೆಯುವ ಪರೀಕ್ಷೆಗೂ ಆಗುತ್ತದೆ. ಹಿಂದೆ ಇದ್ದ ಗುಂಪು ಚರ್ಚೆಯ ಜಾಗಕ್ಕೆ ಹಲವು ಐಐಎಂಗಳು ವಾಟ್ ಅನ್ನುವ ಸಣ್ಣ ಪ್ರಬಂಧ ತಂದಿವೆ. ಒಂದು ವಿಷಯ ಕೊಟ್ಟು ಅರ್ಧ ಗಂಟೆಯೊಳಗೆ ಬರೆಯಿರಿ ಅನ್ನುತ್ತಾರೆ. ಕೆಲವು ಕಡೆ ಇಲ್ಲ. ಇದ್ದರೆ ಮೇಲ್‌ನಲ್ಲೇ ಹೇಳಿರುತ್ತಾರೆ.

ಗೊತ್ತಿಲ್ಲದ ಪ್ರಶ್ನೆ ಬಂದರೆ

‘ಗೊತ್ತಿಲ್ಲ ಸರ್’ ಅಂದರೆ ಅಲ್ಲಿಗೆ ಮುಗಿಯಿತು ಅಂತ ಅನೇಕರ ನಂಬಿಕೆ. ಹಾಗೇನಿಲ್ಲ. ಮಾಹಿತಿಯ ಪ್ರಶ್ನೆಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನುವುದೇ ಸರಿ, ಊಹಿಸಿ ಹೇಳಿದರೆ ಅದರ ಮೇಲೆ ಇನ್ನೂ ಮೂರು ಪ್ರಶ್ನೆ ಬೀಳುತ್ತವೆ. ಆದರೆ ಯೋಚನೆಯ ಪ್ರಶ್ನೆಗೆ ಗೊತ್ತಿಲ್ಲ ಅನ್ನುವ ಹಾಗಿಲ್ಲ. ಕಾಸರಗೋಡು ಜಿಲ್ಲೆಯಲ್ಲಿ ದಿನಕ್ಕೆ ಎಷ್ಟು ಗ್ಲಾಸು ಚಹಾ ಮಾರಾಟವಾಗುತ್ತದೆ ಅಂತ ಕೇಳಿದರೆ ಅವರಿಗೂ ಉತ್ತರ ಗೊತ್ತಿಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 13 ಲಕ್ಷ, ಅದರಲ್ಲಿ ಮಕ್ಕಳನ್ನು ಬಿಟ್ಟರೆ ಇಷ್ಟು, ಹೋಟೆಲಿಗೆ ಹೋಗುವವರು ಇಷ್ಟು ಅಂತ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದನ್ನು ನೋಡುತ್ತಾರೆ. ಎರಡು ನಿಮಿಷ ಯೋಚಿಸಲು ಸಮಯ ಕೇಳಿದರೆ ಕೊಡುತ್ತಾರೆ.

ಕೆಲವು ಪ್ಯಾನೆಲ್‌ನವರು ಬೇಕೆಂದೇ ನಡುವೆ ಬಾಯಿ ಹಾಕುತ್ತಾರೆ, ಇದೆಂಥ ಉತ್ತರ ಅನ್ನುತ್ತಾರೆ. ಅದು ನಿಮ್ಮ ಮೇಲಿನ ಸಿಟ್ಟಲ್ಲ.

ಸರ್ಟಿಫಿಕೇಟುಗಳ ಸಂಗತಿ

ಇದು ಬೇಸರದ ವಿಷಯ, ಆದರೆ ಸೀಟು ತಪ್ಪುವುದು ಇಲ್ಲಿಯೂ ಇದೆ. ಒಬಿಸಿ ಮೀಸಲಾತಿ 27, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 7.5, ಆರ್ಥಿಕವಾಗಿ ಹಿಂದುಳಿದವರಿಗೆ 10 ಶೇಕಡಾ ಇದೆ. ಕೇಂದ್ರದ ಒಬಿಸಿ ಪಟ್ಟಿ ರಾಜ್ಯವಾರು ಇರುತ್ತದೆ. ಕರ್ನಾಟಕದ ಪಟ್ಟಿಯಲ್ಲಿರುವ ಜಾತಿ ಕೇರಳದ ಪಟ್ಟಿಯಲ್ಲಿ ಇರಬೇಕೆಂದಿಲ್ಲ, ಮಂಗಳೂರಿನ ಸಂಬಂಧಿಕರಿಗೆ ಸಿಕ್ಕಿತು ಅಂತ ನಂಬಿ ಕೂರಬೇಡಿ. ವಿಲೇಜ್ ಆಫೀಸಿನಲ್ಲಿ ಸಿಗುವ ರಾಜ್ಯದ ಉಪಯೋಗದ ಸರ್ಟಿಫಿಕೇಟು ಸಾಲದು. ಕೇಂದ್ರದ ನಮೂನೆಯಲ್ಲಿ, ತಹಶೀಲ್ದಾರರ ಸಹಿ ಇರುವ ನಾನ್ ಕ್ರೀಮಿ ಲೇಯರ್ (ಮೀಸಲಾತಿ ಸಿಗದಷ್ಟು ಅನುಕೂಲಸ್ಥರಲ್ಲ ಅನ್ನುವ) ಸರ್ಟಿಫಿಕೇಟು ಬೇಕು. ಅದರ ದಿನಾಂಕ ಎಂದಿನದ್ದಿರಬೇಕು ಅಂತ ಮೇಲ್‌ನಲ್ಲಿ ಬರೆದಿರುತ್ತಾರೆ. ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿ ಕೈಗೆ ಬರಲು ಸಮಯ ಹಿಡಿಯುತ್ತದೆ, ಆದ್ದರಿಂದ ಕಾಲ್ ಬಂದ ಮೇಲೆ ಅಲ್ಲ, ಕ್ಯಾಟ್‌ಗೆ ಅರ್ಜಿ ಹಾಕುವ ಮೊದಲೇ ಹೋಗಿ.

ಮುಗಿದ ಮೇಲೆ

ಹೊರಗೆ ಬಂದ ಕೂಡಲೇ ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದಿಟ್ಟುಕೊಳ್ಳಿ. ಮುಂದಿನ ಸಂಸ್ಥೆಯ ಇಂಟರ್ವ್ಯೂಗೆ ಅದಕ್ಕಿಂತ ಒಳ್ಳೆಯ ಗೈಡ್ ಇಲ್ಲ. ಕೊನೆಯ ಪಟ್ಟಿಗೆ ಇಂಟರ್ವ್ಯೂ ಅಂಕ, ಕ್ಯಾಟ್, ಹಿಂದಿನ ಓದಿನ ಅಂಕ, ಅನುಭವ ಎಲ್ಲ ಸೇರುತ್ತವೆ. ಯಾವುದಕ್ಕೆ ಎಷ್ಟು ಪಾಲು ಅಂತ ಪ್ರತಿ ಸಂಸ್ಥೆ ತನ್ನ ಪ್ರವೇಶ ನಿಯಮದಲ್ಲಿ ಮೊದಲೇ ಪ್ರಕಟಿಸಿರುತ್ತದೆ. ವೇಟಿಂಗ್ ಲಿಸ್ಟ್‌ನಲ್ಲಿ ಬಂದರೆ ಗಾಬರಿ ಬೇಡ. ಒಬ್ಬರಿಗೇ ಮೂರು ನಾಲ್ಕು ಕಡೆ ಸೀಟು ಸಿಕ್ಕಿ, ಅವರು ಒಂದನ್ನು ಇಟ್ಟುಕೊಂಡು ಉಳಿದದ್ದು ಬಿಟ್ಟಾಗ ಪಟ್ಟಿ ಸರಿಯುತ್ತಾ ಹೋಗುತ್ತದೆ.

ಡಿಗ್ರಿಯ ಕೊನೆಯ ವರ್ಷದಲ್ಲಿ ಇರುವವರು ಒಂದು ವಿಷಯ ಗಮನಿಸಬೇಕು. ಜೂನ್ ಹೊತ್ತಿಗೆ ಕೊನೆ ಸೆಮಿಸ್ಟರಿನ ಫಲಿತಾಂಶ ಬಾರದಿದ್ದರೂ ಐಐಎಂಗಳು ತಾತ್ಕಾಲಿಕವಾಗಿ ಸೇರಿಸಿಕೊಳ್ಳುತ್ತವೆ. ಅದಕ್ಕೆ ಪರೀಕ್ಷೆಗಳನ್ನೆಲ್ಲ ಬರೆದು ಮುಗಿಸಿದ್ದಾರೆ ಅಂತ ಪ್ರಿನ್ಸಿಪಾಲರ ಪತ್ರ ಬೇಕಾಗುತ್ತದೆ. ಅಂಕಪಟ್ಟಿಯನ್ನು ಸಾಮಾನ್ಯವಾಗಿ ಡಿಸೆಂಬರ್ 31ರ ಒಳಗೆ ಕೊಟ್ಟರಾಯಿತು. ಆ ಪತ್ರವನ್ನು ಕಾಲೇಜಿಗೆ ಬೇಸಿಗೆ ರಜೆ ಸಿಗುವ ಮೊದಲೇ ಕೇಳಿ ತೆಗೆದುಕೊಳ್ಳಿ.